ಅಪ್ಪ ಕಟ್ಟಿದ ಮನೆ

ಅಪ್ಪ ಹೋಗಿ ಮೂರು ತಿಂಗಳು. ನಿನ್ನೆ ಊರಿಗೆ ಹೋದಾಗ ಅಣ್ಣ ಒಂದು ಕಾಗದ ಮುಂದಿಟ್ಟ. ಹಕ್ಕು ಬಿಡುಗಡೆ ಪತ್ರ, ಅಂದರೆ ಮನೆಯಲ್ಲಿ ನನ್ನ ಪಾಲು ಬಿಟ್ಟುಕೊಡುತ್ತೇನೆ ಅಂತ ಬರೆದುಕೊಡುವುದು. "ಸುಮ್ನೆ ಒಂದು ಸಹಿ ಕಣೇ, ಮನೆ ಖಾತೆ ಮಾಡಿಸಬೇಕಲ್ಲ" ಅಂದ.

ಖಾತೆಯನ್ನು ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿಯೂ ಮಾಡಿಸಬಹುದು. ಅದಕ್ಕೆ ನಾನು ಹಕ್ಕು ಬಿಡಬೇಕಿಲ್ಲ ಅಂದೆ. ಅತ್ತಿಗೆ ಮುಖ ತಿರುಗಿಸಿದರು. "ನಿನ್ನ ಮದುವೆಗೆ ಖರ್ಚು ಮಾಡಿಲ್ವಾ?" ಅಂದ ಅಣ್ಣ. ಆ ಮಾತಿನಿಂದ ತುಂಬಾ ನೋವಾಯಿತು.

ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ನಮ್ಮದು ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ. ಉಯಿಲು ಬರೆದಿಲ್ಲ. ಹಾಗಿದ್ದರೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು ಅಂತ 1956ರ ಮೂಲ ಕಾಯ್ದೆಯಲ್ಲೇ ಇದೆ.

ಹೆಂಡತಿ ಅಂದರೆ ನಮ್ಮ ಅಮ್ಮ. ಅಷ್ಟು ಹೊತ್ತು ಅಣ್ಣನೂ ನಾನೂ ಮಾತಾಡಿದೆವು, ಅಮ್ಮನ ಪಾಲಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಆಕೆ ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದಳು. ಆ ಮನೆಯ ಗೋಡೆಗೆ ನೀರು ಹಾಕಿ ಕ್ಯೂರಿಂಗ್ ಮಾಡಿದವಳು ಆಕೆಯೇ.

ಸಹಿ ಹಾಕಲಿಲ್ಲ. "ಖಾತೆಯಲ್ಲಿ ಮೊದಲು ಅಮ್ಮನ ಹೆಸರು ಬರಲಿ ಅಣ್ಣ, ಮಿಕ್ಕಿದ್ದು ಆಮೇಲೆ ಮಾತಾಡೋಣ" ಅಂದೆ. ಅವನು ಏನೂ ಹೇಳದೆ ಎದ್ದು ಜಗಲಿಗೆ ಹೋದ. ರಾತ್ರಿ ಊಟಕ್ಕೆ ಮಾತ್ರ ಮೂವರೂ ಒಟ್ಟಿಗೇ ಕೂತೆವು.