ಗಾಳಿ ಬಂದಾಗ ಬಗ್ಗಿ ಕೂರೋ ಹುಡುಗಿ

ಹಿಮಗಾಳಿ ಶುರುವಾಗೋಕೆ ಒಂದು ಕ್ಷಣ ಮುಂಚೆ ಶಬ್ದ ಬದಲಾಗತ್ತೆ. ಅಲ್ಲಿವರೆಗೂ ಸುಯ್ ಅಂತ ಹಿಂದೆಲ್ಲೋ ಇದ್ದ ಗಾಳಿ ಒಮ್ಮೆಲೇ ಕಿವಿ ಹತ್ರ ಬಂದಂಗೆ ಆಗತ್ತೆ, ಸ್ಕ್ರೀನ್ ಮೇಲೆ ಬಿಳಿ ಗೆರೆಗಳು ಅಡ್ಡಡ್ಡ ಹಾರೋಕೆ ಶುರುವಾಗತ್ತೆ, ಆಗ ತಕ್ಷಣ ಬಟನ್ ಒತ್ತಿ ಆ ಪುಟ್ಟ ಹುಡುಗಿನ ಬಗ್ಗಿ ಕೂರಿಸ್ಬೇಕು. ಕೂರಿಸ್ಲಿಲ್ಲ ಅಂದ್ರೆ ಹಿಂದಕ್ಕೆ ತಳ್ಕೊಂಡು ಹೋಗಿ ನೀರಿಗೆ ಬೀಳ್ತಾಳೆ. ಅವಳ ಪಕ್ಕದಲ್ಲಿ ಒಂದು ಬಿಳಿ ನರಿ, ಅದೂ ಬಗ್ಗಿ ಕೂರತ್ತೆ. ಇಬ್ರೂ ಹಂಗೇ ಮುದುರ್ಕೊಂಡು ಗಾಳಿ ಹೋಗೋವರೆಗೂ ಕಾಯ್ತಾರೆ. ಅಷ್ಟೇ ಸೀನ್. ಆದ್ರೆ ನಾನು ಇಷ್ಟು ವರ್ಷ ಆಡಿರೋ, ಜಿಗೀತಾ ಒಗಟು ಬಿಡಿಸ್ತಾ ಮುಂದೆ ಹೋಗೋ ಪಜಲ್ ಪ್ಲಾಟ್‌ಫಾರ್ಮರ್‌ಗಳಲ್ಲಿ ಏನೂ ಮಾಡ್ದೆ ಸುಮ್ನೆ ಕಾಯೋದನ್ನ ಇಷ್ಟು ಮುಖ್ಯ ಮಾಡಿದ್ದು ಇನ್ನೊಂದು ನೆನಪಾಗ್ತಿಲ್ಲ.

ಗೇಮ್ ಹೆಸರು ನೆವರ್ ಅಲೋನ್. 2014ರ ನವೆಂಬರ್‌ನಲ್ಲಿ ಬಂದಿದ್ದು, ಅಂದ್ರೆ ಹಳೇದೇ, ಆಮೇಲೆ ಮೊಬೈಲ್‌ಗೂ ಬಂತು, 2022ರಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಕನ್ಸೋಲ್ ಸ್ವಿಚ್‌ಗೂ ಬಂತು. ನಾನು ಮೊದಲನೇ ಸಲ ಒಬ್ನೇ ಆಡಿ ಮುಗಿಸಿದ್ದೆ, ಚೆನ್ನಾಗಿದೆ ಅಂದ್ಕೊಂಡು ಸುಮ್ನಾಗಿದ್ದೆ. ಮೊನ್ನೆ ಮತ್ತೆ ಆಡ್ದೆ, ಈ ಸಲ ತಂಗಿ ಇನ್ನೊಂದು ಕಂಟ್ರೋಲರ್ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ಲು, ಅವಳು ನರಿ, ನಾನು ಹುಡುಗಿ. ಎರಡು ಬೇರೆ ಬೇರೆ ಗೇಮ್ ಆಡ್ದಂಗೆ ಆಯ್ತು ನಂಗೆ. ಅದಕ್ಕೇ ಬರೀಬೇಕು ಅನ್ನಿಸ್ತು.

ಕಥೆ ಅಲಾಸ್ಕದ ಉತ್ತರ ತುದಿಯದ್ದು. ಆರ್ಕ್ಟಿಕ್ ತೀರದಲ್ಲಿ ಇರೋ ಇನ್ಯೂಟ್ ಜನರಲ್ಲಿ ಒಂದು ಗುಂಪು ಇಞುಪಿಯಾಟ್, ಅವರ ಜಾನಪದದಿಂದ ತಗೊಂಡಿದ್ದು. ಊರಿಗೆ ಹಿಮಬಿರುಗಾಳಿ ಬಂದಿದೆ, ನಿಲ್ತಾನೇ ಇಲ್ಲ, ದಿನ ಕಳೆದ್ರೂ ನಿಲ್ತಿಲ್ಲ, ಬೇಟೆಗೆ ಹೋಗೋಕಾಗಲ್ಲ, ಬೇಟೆ ಇಲ್ಲ ಅಂದ್ರೆ ಊಟ ಇಲ್ಲ. ಈ ಗಾಳಿ ಎಲ್ಲಿಂದ ಹುಟ್ತಿದೆ ನೋಡೇ ಬಿಡ್ತೀನಿ ಅಂತ ನುನಾ ಅನ್ನೋ ಹುಡುಗಿ ಗಾಳಿಗೆ ಎದುರಾಗಿ ನಡೀತಾ ಹೋಗ್ತಾಳೆ. ನುನಾ ಅಂದ್ರೆ ಅವರ ಭಾಷೇಲಿ ನೆಲ, ಭೂಮಿ. ಶುರುವಲ್ಲೇ ಒಂದು ಹಿಮಕರಡಿ ಅಟ್ಟಿಸ್ಕೊಂಡು ಬರತ್ತೆ, ಆಗ ನರಿ ಅಡ್ಡ ಬಂದು ಕಾಪಾಡತ್ತೆ, ಅಲ್ಲಿಂದ ಇಬ್ರೂ ಜೊತೆ.

ಹೆಸರಿನ ವಿಷಯ ಹೇಳ್ಲೇಬೇಕು, ನಂಗೆ ತುಂಬಾ ಖುಷಿ ಕೊಟ್ಟಿದ್ದು ಅದು. ಗೇಮ್‌ಗೆ ಅವರ ಭಾಷೇಲೂ ಒಂದು ಹೆಸರಿದೆ, ಕಿಸಿಮಾ ಇನ್‌ಙಿಚ್ಚುಙಾ. ನಾನು ಒಂಟಿಯಲ್ಲ ಅಂತ ಅರ್ಥ. ಆ ಙ ನೋಡಿ. ವರ್ಣಮಾಲೆ ಕಲಿಯೋವಾಗ ಕ ಖ ಗ ಘ ಆದ್ಮೇಲೆ ರಾಗವಾಗಿ ಹೇಳಿ ಬಿಟ್ಟುಬಿಟ್ಟ ಅಕ್ಷರ, ಆಮೇಲೆ ಜೀವಮಾನದಲ್ಲಿ ಒಂದು ಸಲಾನೂ ಬರೆದಿರಲ್ಲ ಬಹಳಷ್ಟು ಜನ. ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಅದಕ್ಕೆ ಕೀ ಇಲ್ಲ, ಅದಕ್ಕೆ ಎಷ್ಟೋ ಕಡೆ ಆ ಹೆಸರನ್ನ ಸವರಿ ಬರೀತಾರೆ. ನಮ್ಮ ಲಿಪಿಯಲ್ಲಿ ಅದು ಸುಮ್ನೆ ಕೂತಿತ್ತು, ಇಞುಪಿಯಾಟ್ ಅನ್ನೋದ್ರಲ್ಲಿರೋ ಞ ಕೂಡ. ಅಲಾಸ್ಕದ ತುದಿಯಲ್ಲಿರೋ ಜನರ ಹೆಸರು ಬರೆಯೋಕೆ ನಮ್ಮ ಹತ್ರ ಅಕ್ಷರ ರೆಡಿ ಇತ್ತು ಅಂತ ಗೊತ್ತಾದಾಗ ನಾನು ಆ ಹೆಸರನ್ನ ನಾಲ್ಕೈದು ಸಲ ಜೋರಾಗಿ ಹೇಳಿ ನೋಡ್ದೆ.

ಇಡೀ ಗೇಮ್‌ನ ಕಥೆ ಹೇಳೋ ದನಿ ಆ ಭಾಷೇಲೇ ಇದೆ, ಕೆಳಗೆ ಸಬ್‌ಟೈಟಲ್ ಬರತ್ತೆ. ಹೇಳಿರೋದು ಜೇಮ್ಸ್ ನಗಿಯಾಕ್ ಅನ್ನೋ ಹಿರಿಯರು. ಗಂಟಲಿನ ಆಳದಿಂದ ಬರೋ ಕ, ಮಧ್ಯ ಮಧ್ಯ ನಿಲ್ಸೋ ರೀತಿ, ಯಾವ ಅವಸರಾನೂ ಇಲ್ಲ. ಬೇರೆ ಗೇಮ್‌ಗಳಲ್ಲಿ ಕಟ್‌ಸೀನ್ (ಆಟದ ನಡುವೆ ಕಥೆ ತೋರಿಸೋ ದೃಶ್ಯ) ಬಂದ್ರೆ ಸ್ಕಿಪ್ ಮಾಡೋ ನಾನು ಇಲ್ಲಿ ಒಂದೂ ಸ್ಕಿಪ್ ಮಾಡ್ಲಿಲ್ಲ. ಆ ಕಟ್‌ಸೀನ್‌ಗಳೂ ಮಾಮೂಲಿ ತರ ಇಲ್ಲ, ದಂತದ ಮೇಲೆ ಕೊರೆದು ಕಪ್ಪು ತುಂಬಿ ಚಿತ್ರ ಮಾಡೋ ಸ್ಕ್ರಿಮ್‌ಶಾ ಅನ್ನೋ ಕಲೆ ಇದೆಯಲ್ಲ, ಆ ಶೈಲಿಯಲ್ಲಿ ಮಾಡಿದಾರೆ, ಗೆರೆ ಗೆರೆಯಾಗಿ ಇರೋ ಚಿತ್ರಗಳು ಅಲ್ಲಾಡ್ತವೆ.

ಈ ಭಾಷೆ ಮಾತಾಡೋರು ಕಮ್ಮಿ ಆಗ್ತಿದಾರೆ. ಒಂದು ಕಾಲದಲ್ಲಿ ಶಾಲೆಗಳಲ್ಲಿ ಮಕ್ಕಳು ಮನೆಮಾತು ಆಡಿದ್ರೆ ಶಿಕ್ಷೆ ಕೊಡ್ತಿದ್ರು, ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಕಲಿಸೋಕೆ ಹೆದರಿದ್ರು, ಹಿಂಗೇ ಎಳೆ ಕಡಿದು ಹೋಯ್ತು. ಅಲಾಸ್ಕ ರಾಜ್ಯ ಅಲ್ಲಿನ 20 ಮೂಲನಿವಾಸಿ ಭಾಷೆಗಳನ್ನ ಅಧಿಕೃತ ಭಾಷೆ ಅಂತ ಒಪ್ಕೊಂಡಿದ್ದು 2014ರಲ್ಲಿ, ಗೇಮ್ ಬಂದ ವರ್ಷಾನೇ. (ಇನ್ನೊಂದು ವಿಷಯ, ಇದಕ್ಕೂ ಗೇಮ್‌ಗೂ ಸಂಬಂಧ ಇಲ್ಲ ಆದ್ರೂ ಹೇಳ್ತೀನಿ: ಇವರ ಲೆಕ್ಕ ಹತ್ತರ ಮೇಲಲ್ಲ, ಇಪ್ಪತ್ತರ ಮೇಲೆ ನಡ್ಯತ್ತೆ, ಅದಕ್ಕೆ ಸರಿಯಾದ ಅಂಕಿಗಳು ಇಲ್ಲ ಅಂತ ಕಕ್ಟೋವಿಕ್ ಅನ್ನೋ ಊರಿನ ಶಾಲೆ ಮಕ್ಕಳು 1994ರಲ್ಲಿ ತಾವೇ ಹೊಸ ಅಂಕಿಗಳನ್ನ ಕಂಡುಹಿಡಿದ್ರು. ಮಕ್ಕಳು!)

ಈ ಗೇಮ್ ಹುಟ್ಟಿದ್ದು ಹೇಗೆ ಅನ್ನೋದೂ ನಂಗೆ ಗೇಮ್‌ನಷ್ಟೇ ಇಷ್ಟ. ಆಂಕರೇಜ್‌ನಲ್ಲಿ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಇದೆ, ಅಲಾಸ್ಕದ ಮೂಲನಿವಾಸಿಗಳಿಗೆ ಕೆಲಸ, ಓದು, ಕುಟುಂಬಗಳಿಗೆ ಸಹಾಯ ಇಂಥದ್ದೆಲ್ಲ ಮಾಡೋ ಲಾಭರಹಿತ ಸಂಸ್ಥೆ. ಯಾವಾಗ್ಲೂ ಸರ್ಕಾರದ ಗ್ರಾಂಟ್ ನೆಚ್ಕೊಂಡು ಎಷ್ಟು ದಿನ ಅಂತ, ಸ್ವಂತ ಆದಾಯಕ್ಕೆ ದಾರಿ ಹುಡುಕ್ತಾ ಹುಡುಕ್ತಾ ಅವರು ವಿಡಿಯೋ ಗೇಮ್‌ಗೆ ಬಂದ್ರು. ಈ-ಲೈನ್ ಮೀಡಿಯಾ ಅನ್ನೋ ಕಂಪನಿ ಜೊತೆ ಸೇರಿ ಅಪ್ಪರ್ ಒನ್ ಗೇಮ್ಸ್ ಅಂತ ಸ್ಟುಡಿಯೋ ಮಾಡಿದ್ರು. ಯುವಕರು ಹಿರಿಯರ ಕಥೆ ಕೇಳೋಕೆ ಬರ್ತಿಲ್ಲ, ಸರಿ, ಅವರು ಎಲ್ಲಿ ಕೂತಿದಾರೋ ಅಲ್ಲಿಗೇ ಕಥೆ ತಗೊಂಡು ಹೋಗೋಣ ಅನ್ನೋ ಯೋಚನೆ.

ಯಾವ ಕಥೆ? ಕುನೂಕ್ಸಾಯುಕಾ ಅಂತ ಒಂದು ಹಳೇ ಕಥೆ, ರಾಬರ್ಟ್ ನಾಸ್ರುಕ್ ಕ್ಲೀವ್‌ಲ್ಯಾಂಡ್ ಅನ್ನೋ ದೊಡ್ಡ ಕಥೆಗಾರ ಹೇಳ್ತಿದ್ದಿದ್ದು. ಅವರು ತೀರ್ಕೊಂಡಿದ್ರು. ಹಾಗಂತ ತಗೊಂಡು ಬಳಸ್ಕೊಂಡ್ಬಿಡ್ಲಿಲ್ಲ, ಅವರ ಮಗಳು ಮಿನ್ನಿ ಗ್ರೇ ಹತ್ರ ಹೋಗಿ ಕೇಳಿದ್ರು. ಮೂಲ ಕಥೇಲಿ ಹುಡುಗ, ಗೇಮ್‌ನಲ್ಲಿ ಹುಡುಗಿ ಆಗಿದಾಳೆ, ಹೀಗೆ ಬದಲಾಯಿಸೋದಕ್ಕೂ ಒಪ್ಪಿಗೆ ಸಿಕ್ಕಿದೆ. ಕಥೆ ಬರೆದ ಇಷ್ಮೇಲ್ ಹೋಪ್ ಕೂಡ ಅಲ್ಲಿಯವರೇ, ಇಞುಪಿಯಾಟ್ ಮತ್ತೆ ಅಲಾಸ್ಕದ ಇನ್ನೊಂದು ಮೂಲನಿವಾಸಿ ಜನ ಟ್ಲಿಂಗಿಟ್, ಎರಡೂ ಮೂಲದವರು. ಸುಮಾರು 40 ಜನ ಹಿರಿಯರು, ಕಥೆಗಾರರು, ಸಮುದಾಯದವರು ಇದ್ರಲ್ಲಿ ಕೈಜೋಡಿಸಿದಾರೆ. ಜಾನಪದ ಅಂದ್ರೆ ಯಾರಪ್ಪಂದೂ ಅಲ್ಲ, ಬೇಕಾದವರು ಬೇಕಾದಂಗೆ ಎತ್ಕೋಬಹುದು ಅಂತ ನಡ್ಕೊಳ್ಳೋದನ್ನೇ ನೋಡಿ ಅಭ್ಯಾಸ ಆಗಿದ್ದ ನಂಗೆ ಕಥೆಗೆ ಒಂದು ಮನೆ ಇರತ್ತೆ, ಆ ಮನೆ ಬಾಗಿಲು ತಟ್ಟಿ ಕೇಳ್ಬೇಕು ಅನ್ನೋದು ಇಲ್ಲಿ ಕಂಡಾಗ ಮನಸ್ಸು ತುಂಬಿ ಬಂತು. ಅದು ಆಡೋವಾಗ್ಲೂ ಗೊತ್ತಾಗತ್ತೆ ಅನ್ನೋದೇ ನನ್ನ ಮಾತು. ಒಂದೊಂದು ಭೂತ ಪ್ರೇತಾನೂ, ಒಂದೊಂದು ಪಜಲ್ಲೂ ಯಾರೋ ನಂಬಿದ್ದು, ಯಾರೋ ಮಕ್ಕಳಿಗೆ ಹೇಳಿದ್ದು, ಯಾವ್ದೂ ಬಣ್ಣಕ್ಕೆ ಅಂತ ಅಂಟಿಸಿದ್ದಲ್ಲ.

ಉದಾಹರಣೆಗೆ ಉತ್ತರದ ಆಕಾಶದಲ್ಲಿ ಕಾಣೋ ಅರೋರಾ ಬೆಳಕು. ಫೋಟೋದಲ್ಲಿ ನೋಡಿದ್ರೆ ಎಷ್ಟು ಚೆಂದ ಅಂತೀವಿ. ಗೇಮ್‌ನಲ್ಲಿ ಆ ಹಸಿರು ಬೆಳಕಲ್ಲಿ ಮಕ್ಕಳ ಆಕಾರಗಳು ಇರ್ತವೆ, ತೇಲ್ತಾ ಬಂದು ನುನಾನ ಎತ್ಕೊಂಡು ಹೋಗ್ಬಿಡ್ತವೆ. ಯಾಕಂದ್ರೆ ಅಲ್ಲಿನ ಮಕ್ಕಳಿಗೆ ಹೇಳ್ತಿದ್ದಿದ್ದೇ ಹಂಗೆ: ಅರೋರಾ ಇದ್ದಾಗ ಹೊರಗೆ ಹೋದ್ರೆ ತಲೆ ಮುಚ್ಕೋ, ಇಲ್ಲಾಂದ್ರೆ ಅವು ಕೆಳಗೆ ಬಂದು ನಿನ್ ತಲೆ ಕಿತ್ಕೊಂಡು ಹೋಗಿ ಚೆಂಡಾಡ್ತವೆ. ಆ ಚಳೀಲಿ ಟೋಪಿ ಹಾಕದೆ ಹೊರಗೆ ಓಡೋ ಮಗುವಿಗೆ ಇದಕ್ಕಿಂತ ಒಳ್ಳೆ ಮಾತು ಏನು ಹೇಳೋಕಾಗತ್ತೆ?

ಆಮೇಲೆ ಗೂಬೆ ಮನುಷ್ಯ ಬರ್ತಾನೆ, ಅವನ ಡೋಲು ಕಳೆದಿರತ್ತೆ, ನೆಲದ ಕೆಳಗಿರೋ ಪುಟ್ಟ ಜನರ ಹತ್ರದಿಂದ ಅದನ್ನ ತಂದು ಕೊಟ್ರೆ ಅವನು ಬೋಲಾ ಕೊಡ್ತಾನೆ. ಬೋಲಾ ಅಂದ್ರೆ ದಾರಗಳ ತುದಿಗೆ ಭಾರ ಕಟ್ಟಿರೋ ಬೇಟೆ ಸಾಧನ, ಗಿರ್ರಂತ ತಿರುಗಿಸಿ ಬಿಟ್ರೆ ಹಾರೋ ಹಕ್ಕಿಗೆ ಸುತ್ಕೊಳತ್ತೆ. ಗೇಮ್‌ನಲ್ಲಿ ಇದರಿಂದ ದೂರದ ಮಂಜುಗಡ್ಡೆ ಒಡೀಬೇಕು. ಗುರಿ ಹಿಡಿಯೋದು ಸ್ವಲ್ಪ ಕಷ್ಟ ಇದೆ, ಸ್ಟಿಕ್‌ನ ಹಿಂದಕ್ಕೆ ಎಳೆದು ಮುಂದಕ್ಕೆ ಬಿಡ್ಬೇಕು, ನಂಗೆ ಅದು ಕೊನೆವರೆಗೂ ಪೂರ್ತಿ ಕೈಗೆ ಹತ್ತಲಿಲ್ಲ.

ಕೆಲಸ ಹಂಚಿಕೆ ಹೀಗಿದೆ: ನುನಾ ಹಗ್ಗ ಹತ್ತತಾಳೆ, ಪೆಟ್ಟಿಗೆ ತಳ್ಳತಾಳೆ, ಬೋಲಾ ಎಸೀತಾಳೆ. ನರಿ ಗೋಡೆ ಮೇಲೆ ಚಕ ಚಕ ಹತ್ತತ್ತೆ, ಸಣ್ಣ ಸಂದಿಲಿ ನುಗ್ಗತ್ತೆ, ಮುಖ್ಯವಾಗಿ ನರಿ ಹತ್ರ ಹೋದ್ರೆ ಮಾತ್ರ ಅಲ್ಲಿರೋ ಆತ್ಮಗಳು ಕಾಣಿಸ್ಕೊಳ್ತವೆ. ಖಾಲಿ ಆಕಾಶ ಅಂದ್ಕೊಂಡಿದ್ದ ಜಾಗದಲ್ಲಿ ಮೆಲ್ಲಗೆ ಒಂದು ಬೆಳಕಿನ ಹಕ್ಕಿ ಮೂಡತ್ತೆ, ಅದರ ಮೇಲೆ ನುನಾ ಹಾರಿ ನಿಲ್ಬೇಕು. ನರಿ ದೂರ ಹೋದ್ರೆ ಅದು ಮಾಯ. ತಂಗಿ ಆತುರದಲ್ಲಿ ಮುಂದೆ ಓಡಿದ್ಲು, ನಾನು ಬಿದ್ದೆ. ಮತ್ತೆ ಓಡಿದ್ಲು, ಮತ್ತೆ ಬಿದ್ದೆ. ಮೂರನೇ ಸಲ ಅವಳು ನಿಂತು "ಹೂಂ ಹಾರು, ಇಲ್ಲೇ ಇದೀನಿ" ಅಂದ್ಲು. ಗೇಮ್‌ನ ಹೆಸರಿನ ಅರ್ಥಾನೇ ಅವಳು ಗೊತ್ತಿಲ್ದೆ ಹೇಳಿದ್ದು.

ಅದಕ್ಕೇ ಹೇಳಿದ್ದು ಎರಡು ಬೇರೆ ಗೇಮ್ ಅಂತ. ಒಬ್ರೇ ಆಡಿದ್ರೆ ಒಂದು ಬಟನ್ ಒತ್ತಿ ಹುಡುಗಿಯಿಂದ ನರಿಗೆ, ನರಿಯಿಂದ ಹುಡುಗಿಗೆ ಬದಲಾಯಿಸ್ಕೋತಾ ಇರ್ಬೇಕು, ಇನ್ನೊಂದನ್ನ ಕಂಪ್ಯೂಟರ್ ನಡೆಸತ್ತೆ, ಮತ್ತೆ ಅದು ಚೆನ್ನಾಗಿ ನಡೆಸಲ್ಲ. ನರಿ ಸರಿಯಾದ ಜಾಗದಲ್ಲಿ ನಿಲ್ಲಲ್ಲ, ಜಿಗೀಬೇಕಾದಾಗ ಜಿಗಿಯಲ್ಲ, ಕೆಲವೊಮ್ಮೆ ತಾನಾಗೇ ಹೋಗಿ ನೀರಿಗೆ ಬೀಳತ್ತೆ, ನೀವು ಎಲ್ಲ ಸರಿ ಮಾಡಿದ್ರೂ ಮತ್ತೆ ಮೊದಲಿಂದ. ಒಂಟಿಯಲ್ಲ ಅಂತ ಹೆಸರಿಟ್ಟಿರೋ ಗೇಮ್‌ನಲ್ಲಿ ಇದೊಂದು ದೊಡ್ಡ ಕೊರತೆ, ನಾನು ಇದನ್ನ ಎಷ್ಟು ಪ್ರೀತಿಸಿದ್ರೂ ಮುಚ್ಚಿಡಲ್ಲ. ಜಂಪ್ ಕೂಡ ಸ್ವಲ್ಪ ತೇಲಾಡತ್ತೆ. ಮೂರು ನಾಲ್ಕು ಗಂಟೇಲಿ ಮುಗಿಯತ್ತೆ, ಅದು ನಂಗೆ ಕೊರತೆ ಅನ್ನಿಸ್ಲಿಲ್ಲ, ಒಂದೇ ರಾತ್ರಿ ಕೂತು ಕೇಳೋ ಕಥೆ ಅಷ್ಟೇ ಇರ್ಬೇಕು.

ಆದ್ರೆ ಆ ಮೂರ್ನಾಲ್ಕು ಗಂಟೆ ಜೊತೆ ವಿಡಿಯೋಗಳೂ ಇವೆ. ಒಟ್ಟು 24 ಸಣ್ಣ ಸಣ್ಣ ಡಾಕ್ಯುಮೆಂಟರಿ ತುಣುಕುಗಳು, ಆಡ್ತಾ ಆಡ್ತಾ ಅನ್‌ಲಾಕ್ ಆಗ್ತವೆ, ಕೆಲವು ಸಿಗೋಕೆ ಮೂಲೇಲಿ ಕೂತಿರೋ ಗೂಬೆನ ಹುಡುಕ್ಬೇಕು. ನಿಜವಾದ ಜನ ಕ್ಯಾಮೆರಾ ಮುಂದೆ ಕೂತು ಮಾತಾಡ್ತಾರೆ. ಕೆಲವರು ಆಟ ನಿಲ್ಲಿಸಿ ವಿಡಿಯೋ ನೋಡೋದು ಲಯ ತಪ್ಪಿಸತ್ತೆ ಅಂತಾರೆ. ನಾನು ಒಪ್ಪಲ್ಲ. ವಿಡಿಯೋ ಬಂದ ತಕ್ಷಣ ನೋಡಿ, ಕೊನೆಗೆ ಅಂತ ಕೂಡಿಡ್ಬೇಡಿ. ಸಮುದ್ರದ ಮಂಜುಗಡ್ಡೆ ಬಗ್ಗೆ ಒಂದಿದೆ. ಉಪ್ಪು ನೀರಿನ ಎಳೇ ಮಂಜು ಗಾಜಿನ ತರ ಪಟ್ ಅಂತ ಒಡಿಯಲ್ಲ, ಕಾಲ ಕೆಳಗೆ ಬಗ್ಗತ್ತೆ, ಅಲೆಯ ಜೊತೆ ಏಳತ್ತೆ ಇಳಿಯತ್ತೆ, ಅದರ ಮೇಲೆ ನಡೆದು ಬೇಟೆಗೆ ಹೋಗೋರಿಗೆ ಅದು ರಸ್ತೆ ಇದ್ದಂಗೆ. ಈಗ ಆ ರಸ್ತೆ ತಡವಾಗಿ ಕಟ್ಟತ್ತೆ, ಬೇಗ ಕರಗತ್ತೆ, ತೆಳ್ಳಗಿರತ್ತೆ. ಅದನ್ನ ಕೇಳಿದ್ಮೇಲೆ ಗೇಮ್‌ನಲ್ಲಿ ಮಂಜಿನ ತುಂಡಿನಿಂದ ತುಂಡಿಗೆ ಜಿಗಿಯೋವಾಗ ಅದು ಬರೀ ಪ್ಲಾಟ್‌ಫಾರ್ಮ್ ಅಂತ ಅನ್ಸೋದೇ ಇಲ್ಲ. ಸಿಲಾ ಅನ್ನೋ ಮಾತಿನ ಬಗ್ಗೆ ಇನ್ನೊಂದು. ಹವಾಮಾನ, ಆಕಾಶ, ಸುತ್ತ ಇರೋ ಗಾಳಿ ಎಲ್ಲಾ ಸಿಲಾ, ಅದಕ್ಕೊಂದು ಆತ್ಮ ಇದೆ ಅಂತ. ಶುರುವಲ್ಲಿ ನಾನು ಗಾಳಿನ ಶತ್ರು ಅಂದ್ಕೊಂಡು ಆಡ್ತಿದ್ದೆ, ಆಮೇಲೆ ಬೆನ್ನ ಹಿಂದಿನಿಂದ ಗಾಳಿ ಬಂದಾಗ ಜಿಗಿದ್ರೆ ಎಷ್ಟೋ ದೂರ ಹೋಗಬಹುದು ಅಂತ ಗೊತ್ತಾಯ್ತು. ಅದೇ ಗಾಳಿ.

ಇಲ್ಲಿಂದ ಮುಂದೆ ಕಥೆಯ ಒಂದು ಮುಖ್ಯ ತಿರುವು ಹೇಳ್ತೀನಿ, ಆಡೋ ಪ್ಲಾನ್ ಇದ್ರೆ ಮುಂದಿನ ಪ್ಯಾರಾ ಬಿಟ್ಟು ಓದಿ.

ನುನಾಳ ಊರನ್ನ ಸುಟ್ಟಿರೋ ಒಬ್ಬ ಕ್ರೂರ ಮನುಷ್ಯ ಇದಾನೆ, ಬೆಂಕಿ ಎಸೀತಾ ಅಟ್ಟಿಸ್ಕೊಂಡು ಬರ್ತಾನೆ, ಕೊನೆಗೆ ನರಿ ಅವನ ಕೈಗೆ ಸಿಕ್ಬಿಡತ್ತೆ. ಸಾಯತ್ತೆ. ತಂಗಿ ಕಂಟ್ರೋಲರ್ ತೊಡೆ ಮೇಲೆ ಇಟ್ಟು ನನ್ ಮುಖ ನೋಡಿದ್ಲು, ನಂಗೆ ಮುಂದೆ ಏನಾಗತ್ತೆ ಗೊತ್ತಿತ್ತು ಆದ್ರೂ ಹೇಳ್ಲಿಲ್ಲ. ನುನಾ ಪಕ್ಕದಲ್ಲಿ ಕೂತಿರ್ತಾಳೆ, ಆಮೇಲೆ ನರಿ ಇದ್ದ ಜಾಗದಿಂದ ಒಬ್ಬ ಹುಡುಗನ ಆತ್ಮ ಎದ್ದು ಬರತ್ತೆ, ತೇಲ್ತಾ. ಮನುಷ್ಯ ಪ್ರಾಣಿ ನಡುವೆ ಅವರು ಎಳೆದಿರೋ ಗೆರೆ ಎಷ್ಟು ತೆಳು ಅಂತ ಅಲ್ಲಿ ಕಣ್ಣಿಗೆ ಕಾಣತ್ತೆ. ಆದ್ರೆ ಕೈಗೆ ಬೇರೆ ಅನುಭವ ಆಗತ್ತೆ. ಅಲ್ಲಿವರೆಗೂ ಗೋಡೆ ಹತ್ತಿ ಓಡಾಡ್ತಿದ್ದ ಆ ಚುರುಕು ಹೋಯ್ತು, ಈಗ ಗಾಳೀಲಿ ತೇಲಿ ಆತ್ಮಗಳನ್ನ ಅತ್ತಿತ್ತ ಸರಿಸೋ ಕೆಲಸ. "ಇವನೂ ಒಳ್ಳೆಯವನೇ, ಆದ್ರೆ ನಂಗೆ ನರಿ ಬೇಕು" ಅಂದ್ಲು ತಂಗಿ. ಬೇಕು ಅನ್ನೋದು ಸರಿಯಾಗೇ ಇದೆ, ನಂಗೂ ಬೇಕಿತ್ತು.

ಗಾಳಿಯ ಮೂಲದಲ್ಲಿ ಒಬ್ಬ ದೈತ್ಯ ಇದಾನೆ, ಬಾಚಿಯಿಂದ ಮಂಜುಗಡ್ಡೆ ಕೆತ್ತತಾ ನಿಂತಿದಾನೆ, ಅವನ ಪ್ರತಿ ಏಟಿಗೂ ಹಾರೋ ಹಿಮಾನೇ ಊರಿಗೆ ಬಿರುಗಾಳಿಯಾಗಿ ಬರ್ತಿರೋದು. ಅವನಿಗೆ ಊರಿನ ಮೇಲೆ ದ್ವೇಷ ಏನಿಲ್ಲ, ಕೆಳಗೆ ಊರಿದೆ ಅನ್ನೋದೇ ಅವನ ಗಮನದಲ್ಲಿಲ್ಲ ಅನ್ಸತ್ತೆ ನಂಗೆ. ನುನಾ ಏನು ಮಾಡ್ತಾಳೆ ಅನ್ನೋದನ್ನ ಹೇಳಲ್ಲ.

2015ರಲ್ಲಿ ಬ್ರಿಟನ್ನಿನ ಸಿನಿಮಾ, ಟಿವಿ, ಗೇಮ್ ಪ್ರಶಸ್ತಿ ಕೊಡೋ ಸಂಸ್ಥೆ ಬಾಫ್ಟಾದವರು ಚೊಚ್ಚಲ ಗೇಮ್ ವಿಭಾಗದಲ್ಲಿ ಇದಕ್ಕೆ ಪ್ರಶಸ್ತಿ ಕೊಟ್ರು. ಅದೇ ವರ್ಷ ಫಾಕ್ಸ್‌ಟೇಲ್ಸ್ ಅಂತ ಒಂದು ಚಿಕ್ಕ ಸೇರ್ಪಡೆ ಬಂತು, ಇಬ್ಬರು ಕರಾವಳಿ ಅಣ್ಣತಮ್ಮಂದಿರ ಹಳೇ ಕಥೆ ಆಧಾರ, ಎಷ್ಟೇ ಚಿಕ್ಕ ಪ್ರಾಣಿ ಆದ್ರೂ ಕೀಟಲೆ ಮಾಡ್ಬಾರ್ದು ಅನ್ನೋ ಕಥೆ, ಅದ್ರಲ್ಲಿ ನೀರೊಳಗೆ ಈಜೋದೂ ಇದೆ. ತಂಗಿಗೆ ಇದನ್ನ ಹೇಳಿದ ತಕ್ಷಣ ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದ್ರಲ್ಲಿ ನರಿ ಇದೆಯಾ ಅಂತ. ಇದೆ ಅಂದೆ. ಈ ಶನಿವಾರ ಕೂರ್ತೀವಿ.