ಜಾಂಬಿಯಾನಿ ಹೆಂಗಸರ ಕಡಲ ಹೊಲ

ಜಾಂಬಿಯಾನಿಯನ್ನು ನೋಡಬೇಕಾದದ್ದು ಕಡಲು ಇಳಿದಾಗ. ಉಬ್ಬರದ ಹೊತ್ತಿನಲ್ಲಿ ತಿಳಿನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ ಇಷ್ಟೇ ಕಾಣುತ್ತವೆ. ಚೆಂದವೇ, ಆದರೆ ಊರಿನ ಬದುಕೆಲ್ಲ ಆ ನೀರಿನ ಅಡಿಯಲ್ಲಿ ಇರುತ್ತದೆ. ನೀರು ಇಳಿಯುತ್ತಾ ಹೋದಂತೆ ದಡದಿಂದ ಹವಳದ ದಂಡೆಯ ಕಡೆಗೆ ದೂರದವರೆಗೂ ನೆಲ ತೆರೆದುಕೊಳ್ಳುತ್ತದೆ. ಅಲ್ಲಿ ಸಾಲು ಸಾಲು ಗೂಟಗಳು, ಗೂಟದಿಂದ ಗೂಟಕ್ಕೆ ಕಟ್ಟಿದ ಹಗ್ಗ, ಹಗ್ಗದ ಉದ್ದಕ್ಕೂ ಕಡಲಪಾಚಿಯ ಗೊಂಚಲು. ಇವೆಲ್ಲ ಹೊಲಗಳು. ಒಂದೊಂದಕ್ಕೂ ಒಬ್ಬ ಒಡತಿ ಇದ್ದಾಳೆ.

ಈ ಊರು ಇರುವುದು ಜಂಜಿಬಾರಿನ ಆಗ್ನೇಯ ಕರಾವಳಿಯಲ್ಲಿ. ಜಂಜಿಬಾರ್ ಟಾಂಜಾನಿಯಾಕ್ಕೆ ಸೇರಿದ ದ್ವೀಪಗಳು, ಆದರೆ ಅದಕ್ಕೆ ತನ್ನದೇ ಸರ್ಕಾರ, ತನ್ನದೇ ಅಧ್ಯಕ್ಷರು. ಜನರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮುಸ್ಲಿಮರು. ನಾನೂ ನನ್ನ ತಂಗಿಯೂ ಅಲ್ಲಿನ ಹಳೇ ಪಟ್ಟಣ ಸ್ಟೋನ್ ಟೌನಿನಿಂದ ದಲದಲ ಹತ್ತಿದೆವು. ಅದು ಅಲ್ಲಿನ ಶೇರ್ ಟ್ಯಾಕ್ಸಿ. ಎದುರುಬದುರು ಬೆಂಚು, ಮೇಲೆ ಅಕ್ಕಿ ಮೂಟೆ, ಮಡಿಲಲ್ಲಿ ಯಾರದೋ ಮಗು. ದಾರಿಯಲ್ಲಿ ಜೋಜಾನಿ ಕಾಡು ಸಿಗುತ್ತದೆ. ಅಲ್ಲಿನ ಕೆಂಪು ಕೊಲೊಬಸ್ ಕೋತಿ ಜಂಜಿಬಾರ್ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗುವುದಿಲ್ಲ. ಕಾಡು ದಾಟಿದ ಮೇಲೆ ನೆಲದ ಗುಣವೇ ಬೇರೆ. ಲವಂಗ ಬೆಳೆಯುವ ಒಳ್ಳೆ ಮಣ್ಣು ಪಶ್ಚಿಮದ ಕಡೆಗೇ ಮುಗಿದುಹೋಗುತ್ತದೆ. ಪೂರ್ವದಲ್ಲಿ ಬರೀ ಹವಳದ ಕಲ್ಲು, ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಮಣ್ಣು, ಅದರಲ್ಲಿ ಮರಗೆಣಸು. ಇಲ್ಲಿನವರು ಕಡಲಿಗೆ ಇಳಿದದ್ದು ಯಾಕೆ ಅಂತ ಆ ನೆಲ ನೋಡಿದರೆ ಗೊತ್ತಾಗುತ್ತದೆ.

ಊರು ದಡದ ಉದ್ದಕ್ಕೂ ಹಬ್ಬಿದೆ. ಹವಳದ ಕಲ್ಲಿನ ಗೋಡೆ, ಸುಣ್ಣದ ಗಾರೆ. ಹಳೇ ಮನೆಗಳಿಗೆ ತೆಂಗಿನ ಗರಿಯ ಮಾಡು, ಹೊಸ ಮನೆಗಳಿಗೆ ತಗಡು. ಬೀದಿ ಪೂರ್ತಿ ಮರಳು. ಮನೆ ಮುಂದೆ ಬರಾಜಾ ಎನ್ನುವ ಕಲ್ಲಿನ ಜಗಲಿ. ಸಂಜೆ ಗಂಡಸರೆಲ್ಲ ಅಲ್ಲೇ ಕೂತಿರುತ್ತಾರೆ. ಮದರಸಾದಿಂದ ಬರುವ ಪುಟ್ಟ ಹುಡುಗಿಯರು ನಮ್ಮನ್ನು ಕಂಡು "ಶಿಕಮೂ" ಅಂದರು. ದೊಡ್ಡವರಿಗೆ ಹೇಳುವ ನಮಸ್ಕಾರ ಅದು. "ಮರಹಬಾ" ಅಂತ ಉತ್ತರ ಕೊಟ್ಟರೆ ಅವರಿಗೆ ಎಷ್ಟು ಖುಷಿ! ನಾವು ಉದ್ದ ತೋಳಿನ ಕುರ್ತಾ, ದುಪಟ್ಟಾ ಹಾಕಿಕೊಂಡು ಹೋಗಿದ್ದೆವು. ಅದರಿಂದಲೇ ಎಷ್ಟೋ ಮನೆಗಳ ಒಳಗಿನವರೆಗೆ ಹೋಗಲು ಸಾಧ್ಯವಾಯಿತು ಅಂತ ನನಗನ್ನಿಸುತ್ತದೆ.

ನಾವಿದ್ದ ಮನೆಯಾಕೆಯನ್ನು ಊರಿನವರಂತೆ ನಾವೂ ಮಾಮಾ ಅಂತಲೇ ಕರೆದೆವು. ಅಮ್ಮ ಅಂತ. ಅವರ ಮಗಳಿಗೆ ಇಂಗ್ಲಿಷ್ ಬರುತ್ತಿತ್ತು, ಮಾತೆಲ್ಲ ಅವಳ ಮೂಲಕ. ಅಲ್ಲಿ ಗಂಟೆಯ ಲೆಕ್ಕ ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ. ಆದರೆ ಮಾಮಾ ಗಡಿಯಾರ ನೋಡಿದ್ದನ್ನು ನಾನು ಕಾಣಲಿಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಡುಗೆ, ಬಟ್ಟೆ ಒಗೆಯುವುದು, ನೆಂಟರ ಮನೆಗೆ ಹೋಗುವುದು ಎಲ್ಲ ಅದರ ಹಿಂದೆ ಮುಂದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತೀರಾ ಕೆಳಗಿಳಿಯುತ್ತದೆ. ಹೊಲದ ಕೆಲಸ ಆ ದಿನಗಳಲ್ಲೇ.

ನಾವೂ ಜೊತೆಗೆ ಹೊರಟೆವು. ಮಾಮಾ ತಲೆಗೊಂದು, ಸೊಂಟಕ್ಕೊಂದು ಕಾಂಗಾ ಬಟ್ಟೆ ಸುತ್ತಿ, ಕಾಲಿಗೆ ಹಳೇ ಪ್ಲಾಸ್ಟಿಕ್ ಚಪ್ಪಲಿ ಹಾಕಿದ್ದರು. ನೀರಿನಡಿ ಮೈಯೆಲ್ಲ ಮುಳ್ಳಿರುವ ಕಪ್ಪು ಜೀವಿಗಳಿವೆ. ಬರಿಗಾಲಲ್ಲಿ ನಡೆಯುವ ಹಾಗಿಲ್ಲ. ಹೊಲ ಮುಟ್ಟಿದ ಮೇಲೆ ಮೊಣಕಾಲುದ್ದ ನೀರಲ್ಲೇ ಕೆಲಸ. ನಾಟಿ ಮಾಡುವವರ ಹಾಗೆ ಬಗ್ಗಿದ ಸೊಂಟ ಎತ್ತುವುದೇ ಇಲ್ಲ. ಬೆಳೆದ ಪಾಚಿಯನ್ನು ಬಿಚ್ಚಿ ಚೀಲಕ್ಕೆ ತುಂಬುತ್ತಾರೆ. ಅದರಲ್ಲೇ ಚಿಕ್ಕ ಚಿಕ್ಕ ತುಂಡು ಮುರಿದು ಮತ್ತೆ ಹಗ್ಗಕ್ಕೆ ಕಟ್ಟುತ್ತಾರೆ. ಬೀಜವೂ ಅದೇ, ಬೆಳೆಯೂ ಅದೇ. ಸುಮಾರು 6 ವಾರಕ್ಕೆ ಕೊಯ್ಲು. ಒದ್ದೆ ಚೀಲದ ಭಾರ ಎಷ್ಟು ಅಂತ ನಾನು ಎತ್ತಿ ನೋಡಿದೆ. ಮಾಮಾ ಅದನ್ನು ತಲೆಮೇಲೆ ಹೊತ್ತು ದಡದವರೆಗೆ ನಡೆದರು.

ಈ ಕಸುಬು ಶುರುವಾದದ್ದು 1989ರಲ್ಲಿ, ಇಲ್ಲೇ ಜಾಂಬಿಯಾನಿ ಮತ್ತು ಪಕ್ಕದ ಪಾಜೆಯಲ್ಲಿ. ಬಿತ್ತನೆ ತಳಿ ಬಂದದ್ದು ಫಿಲಿಪ್ಪೀನ್ಸಿನಿಂದ. ಅದಕ್ಕೂ ಮೊದಲು ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತಿದ್ದರೆ ಅದು ಕತ್ತದಿಂದ. ತೆಂಗಿನ ಸಿಪ್ಪೆಯನ್ನು ಕಡಲಂಚಿನ ಮರಳಿನಲ್ಲಿ ಹೂತು, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಕೊಳೆಸಿ, ಬಡಿದು ಹಗ್ಗ ಹೊಸೆಯುವುದು. ಈಗಲೂ ವಯಸ್ಸಾದ ಹೆಂಗಸರು ಅದನ್ನು ಮಾಡುತ್ತಾರೆ. ಪಾಚಿ ಬಂದಾಗ ಕೆಲವು ಗಂಡಂದಿರು ಗೊಣಗಿದರಂತೆ, ಹೆಂಗಸರು ದಿನವಿಡೀ ಕಡಲಲ್ಲಿದ್ದರೆ ಮನೆ ಯಾರು ನೋಡಬೇಕು ಅಂತ. ದುಡ್ಡು ಬರಲು ಶುರುವಾದ ಮೇಲೆ ಆ ಮಾತು ನಿಂತಿತು. ಮನೆಯ ತಗಡಿನ ಮಾಡನ್ನು ಮಾಮಾ ಕೈ ಎತ್ತಿ ತೋರಿಸಿದರು. ಪಾಚಿಯ ದುಡ್ಡು ಅದು. ಮಗಳ ಓದು ಕೂಡ.

ಇಂದು ಜಂಜಿಬಾರಿನಲ್ಲಿ 20,000ಕ್ಕೂ ಹೆಚ್ಚು ಜನ ಈ ಬೆಳೆ ಬೆಳೆಯುತ್ತಾರೆ. ಹತ್ತರಲ್ಲಿ ಎಂಟು ಮಂದಿ ಹೆಂಗಸರು. ಒಣಗಿದ ಪಾಚಿ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತದೆ. ಅದರಿಂದ ತೆಗೆದ ಅಂಟು ಟೂತ್‌ಪೇಸ್ಟಿಗೆ, ಐಸ್‌ಕ್ರೀಮಿಗೆ ಬೀಳುತ್ತದೆ. ನಾವೆಲ್ಲ ದಿನಾ ಬಳಸುವ ವಸ್ತುಗಳು ಅಲ್ವಾ? ಅಷ್ಟು ಕಷ್ಟಪಟ್ಟು ಬೆಳೆದವರಿಗೆ ಸಿಗುವುದು ಮಾತ್ರ ತೀರಾ ಕಡಿಮೆ. ಬೆಲೆ ಹೇಳುವವನು ಕೊಳ್ಳುವವನೇ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಅದರ ಮೇಲೆ ಕಡಲು ಬಿಸಿಯಾಗುತ್ತಿದೆ. ಬೆಳೆಯುವ ತಳಿ ಎರಡು. ಕಾಟೋನಿ ಅನ್ನುವುದಕ್ಕೆ ಬೆಲೆ ಜಾಸ್ತಿ, ಆದರೆ ಅದು ಬಿಸಿ ತಾಳುವುದಿಲ್ಲ. ನೀರು ಕಾದರೆ ಬೆಳ್ಳಗಾಗಿ, ಮೆತ್ತಗಾಗಿ, ಹಗ್ಗದಿಂದ ಉದುರಿಹೋಗುತ್ತದೆ. ದಡದ ಹತ್ತಿರ ಈಗ ಅದನ್ನು ಬೆಳೆಯುವುದೇ ಕಷ್ಟ. ಉಳಿದದ್ದು ಸ್ಪೈನೋಸಮ್, ಕಡಿಮೆ ಬೆಲೆಯದ್ದು. ತಂಪು ನೀರು ಬೇಕಂದರೆ ಆಳಕ್ಕೆ ಹೋಗಬೇಕು. ಆಳಕ್ಕೆ ಹೋಗಲು ದೋಣಿ ಬೇಕು, ಈಜು ಬರಬೇಕು. ಕಡಲಲ್ಲೇ ವರ್ಷಗಟ್ಟಲೆ ದುಡಿದ ಎಷ್ಟೋ ಹೆಂಗಸರಿಗೆ ಈಜು ಬರುವುದಿಲ್ಲ. ಮಾಮಾಗೂ ಬರುವುದಿಲ್ಲ. "ಮಗಳು ಕಲಿಯಲಿ" ಅಂದರು.

ಮಗಳ ಮನಸ್ಸು ಸ್ಪಂಜಿನ ಕಡೆಗಿತ್ತು. ಹಗ್ಗಕ್ಕೆ ಪೋಣಿಸಿ ನೀರಲ್ಲಿ ಬೆಳೆಸುವ ಕಡಲ ಸ್ಪಂಜು, ಮೈ ಉಜ್ಜಲು ಬಳಸುವಂಥದ್ದು. ಜಾಂಬಿಯಾನಿಯ ಕೆಲವು ಹೆಂಗಸರು ಆಗಲೇ ಈ ಕೆಲಸ ಹಿಡಿದಿದ್ದಾರೆ. ಬಿಸಿಗೆ ಅದು ಪಾಚಿಗಿಂತ ಗಟ್ಟಿ, ಪಾಚಿಗಿಂತ ಒಳ್ಳೆ ಬೆಲೆಯೂ ಸಿಗುತ್ತದೆ.

ಆ ರಾತ್ರಿ ಮಾಮಾ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಅದೇ ಹಾಲಿನ ಆಕ್ಟೋಪಸ್ ಸಾರು ಬಡಿಸಿದರು. ಇಳಿತದಲ್ಲಿ ಹವಳದ ಬಿಲಗಳಿಗೆ ಕೋಲು ಹಾಕಿ ಹಿಡಿದದ್ದು ಅದು, ಹಿಡಿದವರು ಪಕ್ಕದ ಮನೆಯಾಕೆ. ತಂಗಿ ಮೊದಲು ಹಿಂಜರಿದಳು, ಆಮೇಲೆ ಎರಡು ಸಲ ಹಾಕಿಸಿಕೊಂಡಳು.

ಹೋಗುವವರಿಗೆ ಒಂದೆರಡು ಮಾತು. ರಂಜಾನಿನಲ್ಲಿ ಹಗಲು ಊರೊಳಗೆ ಊಟದ ಜಾಗಗಳು ಮುಚ್ಚಿರುತ್ತವೆ, ಬೀದಿಯಲ್ಲಿ ತಿನ್ನುವುದೂ ಸರಿಯಲ್ಲ. ಹೋಟೆಲಿನ ಈಜುಡುಗೆ ಹೋಟೆಲಿನಲ್ಲೇ ಇರಲಿ. ಹೊಲದಲ್ಲಿ ದುಡಿಯುವವರ ಫೋಟೋ ಕೇಳದೆ ತೆಗೆಯಬೇಡಿ. ಗೂಟಗಳ ನಡುವೆ ನಡೆಯುವಾಗ ಹಗ್ಗ ತುಳಿಯಬೇಡಿ, ಅಲ್ಲಿ ಒಬ್ಬರ 6 ವಾರದ ದುಡಿಮೆ ಕಟ್ಟಿದೆ. ಪಾಚಿ ಅರೆದು ಮಾಡಿದ ಸಾಬೂನು ಕೊಳ್ಳುವುದಿದ್ದರೆ ಅದನ್ನು ಮಾಡುವ ಹೆಂಗಸರ ಹತ್ತಿರವೇ ಕೊಳ್ಳಿ, ಅವರು ಹೇಳಿದ ಬೆಲೆಗೇ ಕೊಳ್ಳಿ.