ಹೊಗೆ, ಮಳೆ ಮತ್ತು ಉಪ್ಪಾಗೆ

ಕೆಳದಿ, ಇಕ್ಕೇರಿ, ಜೋಗ ಎಲ್ಲವನ್ನೂ ನೋಡಿ ಬಂದೆವು. ಜುಲೈ ತಿಂಗಳ ಜೋಗದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನನ್ನು ಬರೆಯಲು ಕೂರಿಸಿದ್ದು ಸಾಗರದಿಂದ ಶಿವಮೊಗ್ಗಕ್ಕೆ ಮರಳುವಾಗ ಹೊಕ್ಕ ಒಂದು ಪುಟ್ಟ ಬಿಯರ್ ಮನೆ, ಅದಕ್ಕಿಂತ ಹೆಚ್ಚಾಗಿ ಅದರ ಹಿತ್ತಲಿನಲ್ಲಿ ಮಾಂಸಕ್ಕೆ ಹೊಗೆ ಹಾಕುತ್ತಿದ್ದ ಹಿರಿಯರು.

ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಇಂಥ ಎಷ್ಟೋ ಜಾಗಗಳು ಒಳರಸ್ತೆ ಹಿಡಿದವು. ಇಲ್ಲಿಗೂ ಬಸ್ಸಿಳಿದು, ಆಟೋ ಹತ್ತಿ, ಅಡಿಕೆ ತೋಟಗಳ ನಡುವೆ ಸಾಗಬೇಕು.

ಗೋಧಿ ಬಿಯರ್ ಚೆನ್ನಾಗಿತ್ತು. ಮಸುಕು ಹಳದಿ ಬಣ್ಣ, ಮೂಗಿಗೆ ಹಿಡಿದರೆ ಬಾಳೆಹಣ್ಣು ಮತ್ತು ಲವಂಗದ ಪರಿಮಳ. ಎರಡನ್ನೂ ಯಾರೂ ಹಾಕಿರುವುದಿಲ್ಲ. ಹುದುಗುವಾಗ ಯೀಸ್ಟ್ ತಾನೇ ಹುಟ್ಟಿಸುವ ವಾಸನೆ ಅದು. ಮಾವಿನ ಬಿಯರ್ ನನಗೆ ಸೇರಲಿಲ್ಲ. ಮಾವಿನ ರಸದ ಸಿಹಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ರುಚಿಯನ್ನು ಪೂರ್ತಿ ನುಂಗಿಹಾಕಿತ್ತು.

ಕೈ ತೊಳೆಯಲೆಂದು ಹಿತ್ತಲಿಗೆ ಹೋದವನು ಅಲ್ಲಿಯೇ ನಿಂತುಬಿಟ್ಟೆ. ತಗಡಿನ ಚಪ್ಪರದಡಿ ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಒಲೆ. ಒಂದು ಮೂಲೆಯಲ್ಲಿ ಕೆಂಡ, ಇನ್ನೊಂದು ಕಡೆ ಜಾಲರಿಯ ಮೇಲೆ ಹಂದಿಯ ಭುಜದ ದೊಡ್ಡ ತುಂಡುಗಳು. ಉಪ್ಪು, ಕಾಳುಮೆಣಸು, ಜೀರಿಗೆ ಮೆಣಸಿನ ಜೊತೆ ಕಪ್ಪಗಿನದೊಂದು ಪುಡಿ ಸವರಿದ್ದರು.

"ಅದೇನಣ್ಣಾ ಕಪ್ಪಗಿರುವುದು?"

"ಉಪ್ಪಾಗೆ ಸಿಪ್ಪೆ ತಮ್ಮಾ. ಹುಳಿಗೆ."

ಅವರು ಸಾಗರದ ಕಡೆಯವರು. ಉಪ್ಪಾಗೆ ಎಂದರೆ ಮಲೆನಾಡಿನ ಕಾಡಿನ ಒಂದು ಹುಳಿಹಣ್ಣು. ಅದು ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲಿಗೆ ಒಣಗಿಸೋಣವೆಂದರೆ ಬಿಸಿಲೆಲ್ಲಿ? ಬಿದಿರಿನ ತಟ್ಟಿಯ ಮೇಲೆ ಸಿಪ್ಪೆ ಹರಡಿ, ಕೆಳಗೆ ಬೆಂಕಿಯಿಟ್ಟು, ಹಗಲೂ ರಾತ್ರಿ ಕಾಯಬೇಕು. ಹುಡುಗನಾಗಿದ್ದಾಗ ಆ ಬೆಂಕಿ ನೋಡಿಕೊಳ್ಳುವ ಕೆಲಸ ಇವರದೇ ಆಗಿತ್ತಂತೆ. "ಉರಿ ಎದ್ದರೆ ಸಿಪ್ಪೆ ಸುಡುತ್ತದೆ, ಆರಿದರೆ ಬೂಷ್ಟು ಹಿಡಿಯುತ್ತದೆ. ಮಾಂಸದ್ದೂ ಅದೇ ಲೆಕ್ಕ. ಈ ಕೆಲಸ ನನಗೆ ಯಾರೂ ಕಲಿಸಬೇಕಾಗಲಿಲ್ಲ."

ಒದ್ದೆ ಕಟ್ಟಿಗೆಯನ್ನು ಅವರು ಹತ್ತಿರಕ್ಕೂ ಸೇರಿಸುವುದಿಲ್ಲ. ಅದರ ದಟ್ಟ ಬಿಳಿ ಹೊಗೆ ಮಾಂಸವನ್ನು ಕಹಿ ಮಾಡುತ್ತದೆ. ಒಣಗಿದ ಹಲಸಿನ ಕಟ್ಟಿಗೆಯಿಂದ ಕಂಡೂ ಕಾಣದ ಹಾಗೆ ಏಳುವ ನೀಲಿ ಹೊಗೆಯೇ ಬೇಕು. ಮಾಂಸಕ್ಕೆ ಚುಚ್ಚಿದ್ದ ಕಾವು ಅಳೆಯುವ ಕಡ್ಡಿಯನ್ನು ತೋರಿಸಿದರು: 71 ಡಿಗ್ರಿ. ಬಹಳ ಹೊತ್ತಿನಿಂದ ಅಲ್ಲಿಯೇ ನಿಂತಿದೆ ಎಂದರು.

"ಕೆಂಡ ಕಡಿಮೆಯಾಯಿತೇ?"

"ಇಲ್ಲ. ಮಾಂಸ ಬೆವರುತ್ತಿದೆ. ಬೆವರು ಆರುವಾಗ ನಮ್ಮ ಮೈ ತಣ್ಣಗಾಗುವುದಿಲ್ಲವೇ, ಹಾಗೆ. ಬೇಸಿಗೆಯ ಒಣಗಾಳಿಯಲ್ಲಿ ಇನ್ನೂ ಹೆಚ್ಚು ಹೊತ್ತು ಹೀಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಬೆವರು ಬೇಗ ಆರುವುದಿಲ್ಲ. ಅದಕ್ಕೇ ಬೇಗ ದಾಟುತ್ತದೆ."

ಆಮೇಲೆ 90 ಡಿಗ್ರಿ ದಾಟುವವರೆಗೂ ಕಾಯಬೇಕು. ಆಗಲೇ ಗಟ್ಟಿ ನಾರು ಕರಗಿ ಮಾಂಸ ಮೆತ್ತಗಾಗುವುದು. ಮಲೆನಾಡಿನ ಮಳೆ ಎಲ್ಲ ಕೆಲಸಕ್ಕೂ ಅಡ್ಡಿ ಎಂದು ಕೇಳುತ್ತಲೇ ಬೆಳೆದವನು ನಾನು. ಅದೇ ಮಳೆ ಅಡುಗೆಯವನಿಗೆ ನೆರವಾಗುತ್ತದೆ ಎಂದು ಒಬ್ಬರು ಒಲೆಯ ಮುಂದೆ ನಿಂತು ಕಾರಣ ಸಮೇತ ಹೇಳಿದ್ದನ್ನು ಕೇಳಿ ಮನಸ್ಸು ತುಂಬಿತು.

ನಮ್ಮ ತಟ್ಟೆಗೆ ಬಂದದ್ದು ಬೆಳಗಿನ ಜಾವವೇ ಒಲೆಗೆ ಏರಿದ್ದ ತುಂಡು. ಹೊರಗೆ ಕಪ್ಪು ಹೊರಪದರ, ಅದರ ಕೆಳಗೆ ತೆಳುವಾದ ಗುಲಾಬಿ ಗೆರೆ. ಬೆರಳಿನಲ್ಲಿ ಒತ್ತಿದರೆ ಎಳೆ ಎಳೆಯಾಗಿ ಬಿಡುತ್ತಿತ್ತು. ಮೊದಲು ಹೊಗೆ, ಹಿಂದೆಯೇ ಮೆಣಸಿನ ಖಾರ, ಕೊನೆಗೆ ನಾಲಿಗೆಯ ಬದಿಯಲ್ಲಿ ಉಪ್ಪಾಗೆಯ ಹುಳಿ. ಜೊತೆಗೆ ಬನ್ನು ಕೊಡುತ್ತಾರೆ, ಅದು ಬೇಡ. ಕಡುಬು ಕೇಳಿ ತೆಗೆದುಕೊಳ್ಳಿ. ಹಂದಿಯ ಜಿಡ್ಡಿಗೆ ಬಿಸಿ ಕಡುಬಿನಷ್ಟು ಒಪ್ಪುವುದು ಬೇರೆ ಇಲ್ಲ.

ಹೊರಡುವಾಗ ಮಾತ್ರ ಪಡಬಾರದ ಪಾಡು ಪಟ್ಟೆವು. ನಾಲ್ಕು ಗಂಟೆಗೆ ಬಂದೇ ಬರುತ್ತೇನೆಂದು ಮಾತು ಕೊಟ್ಟು, ಬರಹೋಗುವ ಬಾಡಿಗೆಯನ್ನು ಮೊದಲೇ ಪೂರ್ತಿ ಎಣಿಸಿಕೊಂಡಿದ್ದ ಆಟೋದವನು ಬರಲೇ ಇಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ, ಮಳೆ ಬಿಡುತ್ತಿಲ್ಲ. ಕೆಸರಿನಲ್ಲಿ ಹೆದ್ದಾರಿಯವರೆಗೆ ನಡೆದು ಬಸ್ ಹಿಡಿದೆವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋಗುವವರು ಅರ್ಧ ಬಾಡಿಗೆಯನ್ನು ಕೈಯಲ್ಲೇ ಇಟ್ಟುಕೊಳ್ಳಿ. ಸ್ವಂತ ಗಾಡಿಯಾದರೆ ಕುಡಿಯದವರೊಬ್ಬರು ಜೊತೆಗಿರಲಿ. ಮಾಂಸವನ್ನು ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ, ಮಧ್ಯಾಹ್ನ ಕಳೆಯುವುದರೊಳಗೆ ಜಾಲರಿ ಖಾಲಿಯಾಗಿರುತ್ತದೆ.